ಎಂಎಸ್‌ಡಿ ಡಿಜಿಟಲ್ 6ಎಎಲ್: ಡ್ರ್ಯಾಗ್ ಕಾರಿನ ಮಿಸ್ಸಿಂಗ್ ಕರೆಂಟಿನದೋ ಕಾರ್ಬುರೇಟರಿನದೋ?

ಕಾರ್ಬುರೇಟರ್ ಬಿಚ್ಚುವ ಮೊದಲು ಕರೆಂಟು ನೋಡಿ. ಡ್ರ್ಯಾಗ್ ರೇಸಿನ, ಅಂದರೆ ನೇರ ಓಟದ, ಕಾಲು ಮೈಲಿ ಟ್ರ್ಯಾಕಿನಲ್ಲಿ ಮುಗ್ಗರಿಸುವ ಯಾವ ಕಾರಿಗೂ ನಾವು ಮೊದಲು ಹೇಳುವ ಮಾತು ಇದೇ. ಅಮೆರಿಕದ ಬ್ರ್ಯಾಕೆಟ್ ರೇಸುಗಳಲ್ಲಿ (ತನ್ನ ಸಮಯವನ್ನು ಮೊದಲೇ ಹೇಳಿ ಓಡುವ ಡ್ರ್ಯಾಗ್ ರೇಸು) 350 ಘನ ಇಂಚಿನ ಷೆವರ್ಲೆ ವಿ8 ಎಂಜಿನ್ನು, ಅದರ ಮೇಲೆ ಹಾಲಿ ಕಂಪನಿಯ 750 ಡಬಲ್ ಪಂಪರ್ (ಎರಡು ಆಕ್ಸಿಲರೇಟರ್ ಪಂಪಿನ) ಕಾರ್ಬುರೇಟರ್ ಬಹಳ ಸಾಮಾನ್ಯವಾದ ಜೋಡಿ. ಆ ಕಾರು ಅರ್ಧ ದಾರಿಯಲ್ಲಿ ಕೆಮ್ಮಿತು ಅಂದರೆ ಹತ್ತರಲ್ಲಿ ಎಂಟು ಜನರ ಕೈ ಜೆಟ್ಟಿನ (ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ತೂತಿನ ಬಿಲ್ಲೆ) ಡಬ್ಬಿಗೆ ಹೋಗುತ್ತದೆ. ಪೆಟ್ರೋಲು ಚೆಲ್ಲುತ್ತದೆ, ಗ್ಯಾಸ್ಕೆಟ್ ಹರಿಯುತ್ತದೆ, ಮುಂದಿನ ರನ್ನಿನಲ್ಲಿ ಅದೇ ಕೆಮ್ಮು ಅದೇ ಜಾಗದಲ್ಲಿ ಬರುತ್ತದೆ. ಕಿಡಿ ಸೊರಗಿದರೂ ಪೆಟ್ರೋಲು ಸಾಲದಿದ್ದರೂ ಚಾಲಕನ ಬೆನ್ನಿಗೆ ತಟ್ಟುವ ಏಟು ಒಂದೇ ಥರ ಇರುವುದೇ ಈ ಗೊಂದಲಕ್ಕೆ ಮೂಲ. ಅದಕ್ಕೇ ಎಂಎಸ್‌ಡಿ ಕಂಪನಿಯ ಡಿಜಿಟಲ್ 6ಎಎಲ್ ಇಗ್ನಿಷನ್ ಪೆಟ್ಟಿಗೆಯನ್ನು, ಪಾರ್ಟ್ ನಂಬರ್ 6425, ಇಲ್ಲಿ ತೂಗುವುದು ಅದು ಎಷ್ಟು ಕುದುರೆಶಕ್ತಿ ಕೂಡಿಸುತ್ತದೆ ಎಂದಲ್ಲ. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ನಿಗೆ ಅದು ಹೇಳಿಕೊಳ್ಳುವಷ್ಟು ಕೂಡಿಸುವುದೂ ಇಲ್ಲ. ತೊಂದರೆ ಬಂದಾಗ ಅದನ್ನು ಎಷ್ಟು ಬೇಗ ಪರೀಕ್ಷಿಸಿ ಬದಿಗಿಡಬಹುದು ಎಂಬುದೇ ನಮ್ಮ ಅಳತೆಗೋಲು.

ಪೆಟ್ಟಿಗೆಯ ತತ್ತ್ವ ಕನ್ನಡದ ಓದುಗರಿಗೆ ಹೊಸದಲ್ಲ. ಮೈಸೂರಿನ ಯೆಜ್ಡಿ ಓಡಿಸಿದವರಿಗೆ ಪಾಯಿಂಟು, ಕಂಡೆನ್ಸರು ಗೊತ್ತು. ಆರ್‌ಎಕ್ಸ್ 100 ಓಡಿಸಿದವರಿಗೆ ಸಿಡಿಐ ಗೊತ್ತು. 6ಎಎಲ್ ಆ ಸಿಡಿಐನ ದೊಡ್ಡಣ್ಣ. ಬ್ಯಾಟರಿಯ 12 ವೋಲ್ಟನ್ನು ಒಳಗಡೆ 500 ವೋಲ್ಟಿಗೂ ಮೇಲೇರಿಸಿ ಕೆಪಾಸಿಟರಿನಲ್ಲಿ ಕೂಡಿಟ್ಟುಕೊಂಡು, ಡಿಸ್ಟ್ರಿಬ್ಯೂಟರಿನಿಂದ (ಕಿಡಿಯನ್ನು ಸರದಿಯಂತೆ ಸಿಲಿಂಡರುಗಳಿಗೆ ಹಂಚುವ ಭಾಗ) ಸೂಚನೆ ಬಂದ ಕ್ಷಣ ಅಷ್ಟನ್ನೂ ಕಾಯಿಲಿಗೆ (ವೋಲ್ಟೇಜನ್ನು ಇನ್ನೂ ಏರಿಸಿ ಕಿಡಿ ಮಾಡುವ ಸುರುಳಿ) ಸುರಿಯುತ್ತದೆ. ಇಂಥ ಕಿಡಿ ಬಲವಾದದ್ದು, ಆದರೆ ಬಹಳ ಅಲ್ಪಾಯು. ಅದಕ್ಕಾಗಿ 3000 ಆರ್‌ಪಿಎಂ ಒಳಗೆ ಕ್ರ್ಯಾಂಕು 20 ಡಿಗ್ರಿ ತಿರುಗುವಷ್ಟು ಹೊತ್ತು ಒಂದರ ಹಿಂದೊಂದು ಹಲವು ಕಿಡಿ ಕೊಡುತ್ತದೆ. 3000 ದಾಟಿದ ಮೇಲೆ ಅಷ್ಟು ಸಮಯ ಸಿಗುವುದಿಲ್ಲ, ಒಂದೇ ಕಿಡಿ.

ಈ ಗುಣದಲ್ಲೇ ಒಂದು ತೊಡಕೂ ಇದೆ. ಐಡಲ್‌ನಲ್ಲಿ ಮಿಶ್ರಣ ಅತಿ ರಿಚ್ (ಪೆಟ್ರೋಲು ಜಾಸ್ತಿ) ಆಗಿದ್ದರೂ ಸಾಲು ಕಿಡಿಗಳು ಅದನ್ನು ಹೇಗೋ ಉರಿಸಿಬಿಡುತ್ತವೆ, ಎಂಜಿನ್ ಸಲೀಸಾಗಿ ಓಡುತ್ತಿರುವಂತೆ ಕಾಣುತ್ತದೆ. ಅಷ್ಟರಲ್ಲಿ ಪ್ಲಗ್ಗಿಗೆ ಮಸಿ ಕಟ್ಟಿರುತ್ತದೆ. 3000 ದಾಟಿ ಒಂದೇ ಕಿಡಿಗೆ ಇಳಿದಾಗ ಆ ಮಸಿಯೇ ಮಿಸ್ಸಿಂಗ್ ಆಗಿ ಹೊರಬರುತ್ತದೆ. 3000ದ ಕೆಳಗೆ ಒಳ್ಳೆಯದು, ಮೇಲೆ ಕೆಟ್ಟದ್ದು ಎನ್ನುವ ದೂರು ಬಂದರೆ ಪೆಟ್ಟಿಗೆಯನ್ನು ಬೈಯುವ ಮುಂಚೆ ಎಂಟೂ ಪ್ಲಗ್ ಬಿಚ್ಚಿ ನೋಡಬೇಕು.

ಜೋಡಣೆಯಲ್ಲಿ ಆಗುವ ತಪ್ಪುಗಳೇ ಮುಂದೆ 'ಪೆಟ್ಟಿಗೆ ಸರಿಯಿಲ್ಲ' ಎಂಬ ಹೆಸರು ಪಡೆಯುತ್ತವೆ. ದಪ್ಪ ಕೆಂಪು ವೈರು ನೇರ ಬ್ಯಾಟರಿಯ ಪಾಸಿಟಿವ್‌ಗೆ ಹೋಗಬೇಕು, ಆಲ್ಟರ್ನೇಟರಿಗಲ್ಲ. ದಪ್ಪ ಕಪ್ಪು ವೈರಿಗೆ ಬಣ್ಣ ಕೆರೆದು ಹೊಳಪು ಬಂದ ಜಾಗದಲ್ಲಿ ಅರ್ತ್ ಸಿಗಬೇಕು. ಪೌಡರ್ ಕೋಟಿಂಗ್ ಮಾಡಿದ ಬ್ರ್ಯಾಕೆಟ್ಟಿನ ಮೇಲೆ ಬಿಗಿದ ಅರ್ತ್ ಅರ್ತೇ ಅಲ್ಲ. ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದ ಕಾರಿನಲ್ಲಿ ಬ್ಯಾಟರಿ, ಚಾಸಿ, ಎಂಜಿನ್ ಬ್ಲಾಕು ಈ ಮೂರರ ನಡುವೆ ದಪ್ಪ ಕೇಬಲ್ಲೇ ಇರಬೇಕು. ತೆಳು ಕೆಂಪು ವೈರು ಕೀಲಿಯಿಂದ ಬರುವ 12 ವೋಲ್ಟು. ಸ್ಟಾರ್ಟರ್ ತಿರುಗುವಾಗಲೂ ಅಲ್ಲಿ ಕರೆಂಟು ಇರುತ್ತದೆಯೇ ಎಂದು ಮೀಟರ್ ಇಟ್ಟು ನೋಡಿ. ಕೀಲಿ ಬಿಟ್ಟ ಕ್ಷಣ ಮಾತ್ರ ಎಂಜಿನ್ 'ಢಬ್' ಎಂದು ಹೊತ್ತಿಕೊಳ್ಳುತ್ತದೆ ಅಂದರೆ ಕಾರಣ ಬೇರೆಲ್ಲೂ ಹುಡುಕಬೇಡಿ, ಆ ತೆಳು ಕೆಂಪು ವೈರನ್ನು ತಪ್ಪು ಜಾಗಕ್ಕೆ ಸಿಕ್ಕಿಸಲಾಗಿದೆ.

ಕಾಯಿಲಿಗೆ ಎರಡೇ ವೈರು: ಕಿತ್ತಳೆ ಬಣ್ಣದ್ದು ಪಾಸಿಟಿವ್‌ಗೆ, ತೆಳು ಕಪ್ಪು ನೆಗೆಟಿವ್‌ಗೆ. ಮತ್ತೇನನ್ನೂ ಅಲ್ಲಿ ಸೇರಿಸಬಾರದು. ಟ್ಯಾಕೋಮೀಟರಿಗೆ ಬೂದು ಬಣ್ಣದ ವೈರು ಪ್ರತ್ಯೇಕವಾಗಿ ಇದೆ. ಹಳೇ ಅಭ್ಯಾಸದಂತೆ ಕಾಯಿಲಿನ ತುದಿಗೆ ಟೆಸ್ಟ್ ಲ್ಯಾಂಪ್ ಹಿಡಿಯಲು ಹೋಗಬೇಡಿ. ಅಲ್ಲಿ 12 ವೋಲ್ಟಿಲ್ಲ, 500ರ ಮೇಲಿದೆ. ಕೈಗೆ ಬಡಿದರೆ ಗಂಭೀರ ಅಪಾಯ. ನೇರಳೆ ಮತ್ತು ಹಸಿರು ವೈರುಗಳು ಮ್ಯಾಗ್ನೆಟಿಕ್ ಪಿಕಪ್‌ನವು (ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಯ ಸೂಚನೆ ಕೊಡುವ ಸೆನ್ಸರ್), ನೇರಳೆ ಪಾಸಿಟಿವ್. ಎಂಎಸ್‌ಡಿಯದೇ ಡಿಸ್ಟ್ರಿಬ್ಯೂಟರಾದರೆ ಕಪ್ಪು ಗೆರೆಯ ಕಿತ್ತಳೆ ವೈರು ಪೆಟ್ಟಿಗೆಯ ನೇರಳೆಗೆ ಸೇರುತ್ತದೆ, ಕಪ್ಪು ಗೆರೆಯ ನೇರಳೆ ವೈರು ಹಸಿರಿಗೆ. ಬಣ್ಣಕ್ಕೆ ಬಣ್ಣ ಕೂಡಿಸುವವರು ಎಡವುವುದು ಇಲ್ಲೇ. ತಿರುಗುಮುರುಗಾದರೂ ಎಂಜಿನ್ ಸ್ಟಾರ್ಟ್ ಆಗಿಬಿಡುತ್ತದೆ, ಆದರೆ ವೇಗ ಏರಿದಂತೆ ಟೈಮಿಂಗ್, ಅಂದರೆ ಕಿಡಿ ಬೀಳುವ ಗಳಿಗೆ, ಅಲೆದಾಡುತ್ತದೆ. ಪಾಯಿಂಟ್ ಅಥವಾ ಬೇರೆ ಆಂಪ್ಲಿಫೈಯರ್ ಇದ್ದರೆ ಮಾತ್ರ ಬಿಳಿ ವೈರು. ಪಿಕಪ್ ಬಳಸುವಾಗ ಅದಕ್ಕೆ ಟೇಪು ಸುತ್ತಿ ಕಟ್ಟಿಡಿ.

ಈಗ ಈ ಪೆಟ್ಟಿಗೆಯನ್ನು ನಾವು ಮೆಚ್ಚುವ ಮುಖ್ಯ ಕಾರಣಕ್ಕೆ ಬರೋಣ. ಇದರ ಪರೀಕ್ಷೆಗೆ ಬೇಕಾದದ್ದು ಒಂದು ಪೇಪರ್ ಕ್ಲಿಪ್ಪು, ಐದು ನಿಮಿಷ. ಕೀಲಿ ಆಫ್ ಇರಲಿ. ಸುತ್ತಮುತ್ತ ಪೆಟ್ರೋಲ್ ಹನಿ, ಆವಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಕಾಯಿಲಿನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ಕಿತ್ತು, ತುದಿ ಬ್ಲಾಕಿನಿಂದ ಸುಮಾರು ಅರ್ಧ ಇಂಚು ದೂರ ನಿಲ್ಲುವಂತೆ ಕಟ್ಟಿ, ಕೈಯಲ್ಲಿ ಹಿಡಿಯಬೇಡಿ. ಡಿಸ್ಟ್ರಿಬ್ಯೂಟರಿನ ಎರಡು ಪಿನ್ ಕನೆಕ್ಟರ್ ಬಿಡಿಸಿ. ಕೀಲಿ ಆನ್ ಮಾಡಿ, ಎಂಜಿನ್ ತಿರುಗಿಸಬೇಡಿ. ಪೆಟ್ಟಿಗೆಯ ಕಡೆಯ ಹಸಿರು, ನೇರಳೆ ಪಿನ್ನುಗಳನ್ನು ಕ್ಲಿಪ್ಪಿನಿಂದ ಮುಟ್ಟಿಸಿ, ಬಿಡಿಸಿ. ಪ್ರತಿ ಸಲ ಬಿಡಿಸಿದಾಗಲೂ ವೈರಿನ ತುದಿಯಿಂದ ಬ್ಲಾಕಿಗೆ ಕಿಡಿ ಹಾರಬೇಕು. ಬಿಳಿ ವೈರು ಬಳಸುವ ಕಾರಿನಲ್ಲಿ ಅದನ್ನೇ ಅರ್ತಿಗೆ ತಟ್ಟಿ ತಟ್ಟಿ ತೆಗೆದರೆ ಸಾಕು.

ಕಿಡಿ ಹಾರಿತು ಅಂದರೆ ಪೆಟ್ಟಿಗೆ, ಕಾಯಿಲು, ಅವುಗಳ ವೈರು ಮೂರೂ ಕೆಲಸ ಮಾಡುತ್ತಿವೆ. ಎಂಜಿನ್ ಆದರೂ ಹೊತ್ತಿಕೊಳ್ಳುತ್ತಿಲ್ಲವೆಂದರೆ ಪಿಕಪ್, ಕ್ಯಾಪು, ರೋಟರ್ ಕಡೆ ಹೋಗಿ. ಎಂಎಸ್‌ಡಿ ಡಿಸ್ಟ್ರಿಬ್ಯೂಟರಿನ ಪಿಕಪ್ ಓಮ್ ಮೀಟರಿನಲ್ಲಿ 400ರಿಂದ 1300ರ ನಡುವೆ ತೋರಿಸಬೇಕು. ಮೀಟರ್ ಇಟ್ಟುಕೊಂಡೇ ವೈರನ್ನು ಅಲ್ಲಾಡಿಸಿ, ಸಂಖ್ಯೆ ಕುಣಿದರೆ ಒಳಗೆ ವೈರು ಮುರಿದಿದೆ. ಕಿಡಿ ಹಾರಲಿಲ್ಲವೇ? ಬೇರೆ ಕಾಯಿಲ್ ಹಾಕಿ ಇದೇ ಪರೀಕ್ಷೆ ಮಾಡಿ. ಇದರ ಜೊತೆಗೆ ಹೆಚ್ಚಾಗಿ ಬರುವ ಬ್ಲಾಸ್ಟರ್ 2 ಕಾಯಿಲಿನ ಪ್ರೈಮರಿ 0.7 ಓಮ್, ಸೆಕೆಂಡರಿ ಸುಮಾರು 4500 ಓಮ್. ಅದು ಎಣ್ಣೆ ತುಂಬಿದ ಕಾಯಿಲು, ನೆಟ್ಟಗೆ ನಿಲ್ಲಿಸಿಯೇ ಬಿಗಿಯಬೇಕು. ನಡುಕ ಜಾಸ್ತಿ ಇರುವ ಕಾರಿಗೆ ಎಪಾಕ್ಸಿ ತುಂಬಿದ್ದೇ ಲೇಸು. ಹೊಸ ಕಾಯಿಲಿಗೂ ಕಿಡಿ ಬರದೆ, ದಪ್ಪ ಕೆಂಪು ಹಾಗೂ ತೆಳು ಕೆಂಪು ಎರಡರಲ್ಲೂ ಬ್ಯಾಟರಿ ವೋಲ್ಟೇಜು ಇದ್ದರೆ, ಆಗ ಮಾತ್ರ ಪೆಟ್ಟಿಗೆ ಹೋಗಿದೆ ಎನ್ನಿ. ಇಷ್ಟು ಖಚಿತವಾಗಿ ಕಾರ್ಬುರೇಟರಿನ ಯಾವ ಭಾಗವನ್ನೂ ನಿಂತಲ್ಲೇ ಪರೀಕ್ಷಿಸಲು ಬರುವುದಿಲ್ಲ. ಅದಕ್ಕೇ ಕರೆಂಟು ಮೊದಲು.

ಈ ಪರೀಕ್ಷೆಗೂ ಒಂದು ಮಿತಿ ಇದೆ. ತೆರೆದ ಗಾಳಿಯಲ್ಲಿ ಹಾರುವ ಕಿಡಿ 12:1 ಕಂಪ್ರೆಷನ್ನಿನ ಒತ್ತಡದಲ್ಲೂ ಹಾರುತ್ತದೆಂದು ಭರವಸೆ ಕೊಡಲಾಗದು. ಹೆಚ್ಚು ಕಂಪ್ರೆಷನ್ನಿನ ಎಂಜಿನ್ನಿಗೆ ಪ್ಲಗ್ ಗ್ಯಾಪನ್ನು 0.035 ಇಂಚಿನಿಂದ, ಅಂದರೆ 0.9 ಮಿಲಿಮೀಟರಿನಿಂದ ಶುರುಮಾಡಿ. ಪ್ಲಗ್ ವೈರು ಸುರುಳಿ ಸುತ್ತಿದ ಸಪ್ರೆಷನ್ ಬಗೆಯದ್ದೇ ಆಗಿರಬೇಕು. ಗಟ್ಟಿ ತಂತಿಯ ವೈರು ಎಬ್ಬಿಸುವ ವಿದ್ಯುತ್ ಗದ್ದಲಕ್ಕೆ ಪೆಟ್ಟಿಗೆ ತಪ್ಪು ಸೂಚನೆ ಪಡೆದು ಎಲ್ಲೆಂದರಲ್ಲಿ ಕಿಡಿ ಹೊಡೆಯುತ್ತದೆ. ಈ ಷೆವರ್ಲೆ ವಿ8ರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-8-4-3-6-5-7-2. ಇದರಲ್ಲಿ 5 ಮತ್ತು 7 ಒಂದರ ಪಕ್ಕ ಒಂದು ಕೂತ ಸಿಲಿಂಡರುಗಳು, ಒಂದಾದ ಮೇಲೆ ಒಂದು ಉರಿಯುವಂಥವು. ಅವೆರಡರ ವೈರು ಜೊತೆಜೊತೆಯಾಗಿ ಉದ್ದಕ್ಕೂ ಹೋದರೆ 5ರ ಕರೆಂಟು 7ರಲ್ಲಿ ಹುಟ್ಟಿ, ಇನ್ನೂ ಮೇಲೇರುತ್ತಿರುವ ಪಿಸ್ಟನ್ನಿಗೆ ಅಕಾಲದ ಕಿಡಿ ಬೀಳುತ್ತದೆ. ಇದನ್ನು ಲೀನ್ (ಪೆಟ್ರೋಲು ಕಡಿಮೆ) ಮಿಶ್ರಣ ಎಂದುಕೊಂಡು ಜೆಟ್ ದೊಡ್ಡದು ಮಾಡಿದರೆ ಏನೂ ಬದಲಾಗದು. ಆ ಎರಡು ವೈರುಗಳನ್ನು ದೂರ ಕಟ್ಟಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ಟೈಮಿಂಗ್ ನೋಡುವಾಗಲೂ ಒಂದು ಎಚ್ಚರ. ಡಯಲ್ ತಿರುಗಿಸಿ ಡಿಗ್ರಿ ಓದುವ ಟೈಮಿಂಗ್ ಲೈಟು ಸಾಲು ಕಿಡಿಗಳಿಗೆ ತಬ್ಬಿಬ್ಬಾಗುತ್ತದೆ. ಬ್ಯಾಲೆನ್ಸರಿನ (ಕ್ರ್ಯಾಂಕಿನ ಮುಂದಿನ ಚಕ್ರ) ಮೇಲೆ ಡಿಗ್ರಿ ಟೇಪು ಅಂಟಿಸಿ, ಸಾದಾ ಲೈಟಿನಲ್ಲಿ, 3000ಕ್ಕಿಂತ ಮೇಲೆ ನೋಡಿ. ಹಳೇ ಮಾದರಿ ಹೆಡ್ಡಿನ ಸ್ಮಾಲ್ ಬ್ಲಾಕಿಗೆ, ಅಂದರೆ ಈ 350ರ ಬಗೆಯ ವಿ8ಕ್ಕೆ, ಒಟ್ಟು 34ರಿಂದ 36 ಡಿಗ್ರಿ ಸಹಜ. ಗುರುತು ಒಂದೆರಡು ಡಿಗ್ರಿಗಿಂತ ಹೆಚ್ಚು ಕುಣಿದರೆ ಅದು ಪೆಟ್ಟಿಗೆಯ ತಪ್ಪಲ್ಲ. ಟೈಮಿಂಗ್ ಚೈನ್ ಸಡಿಲವೋ, ಕ್ಯಾಮ್ ಹಿಂದುಮುಂದು ಆಡುತ್ತಿದೆಯೋ, ಡಿಸ್ಟ್ರಿಬ್ಯೂಟರ್ ಗೇರ್ ಸವೆದಿದೆಯೋ ನೋಡಬೇಕು.

ರೆವ್ ಲಿಮಿಟರ್, ಅಂದರೆ ಎಂಜಿನ್ನಿನ ಆರ್‌ಪಿಎಂಗೆ ಮಿತಿ ಹಾಕುವ ಸಾಧನ, ಇದರಲ್ಲೇ ಇದೆ. ಹಳೇ 6ಎಎಲ್‌ಗೆ ಚಿಕ್ಕ ಪ್ಲಗ್-ಇನ್ ಮಾಡ್ಯೂಲು ಬೇಕಿತ್ತು. ಇದರಲ್ಲಿ ಪುಟ್ಟ ಸ್ಕ್ರೂಡ್ರೈವರಿನಿಂದ ತಿರುಗಿಸುವ ಡಯಲುಗಳು, ಒಂದು ಸಾವಿರಕ್ಕೆ, ಇನ್ನೊಂದು ನೂರಕ್ಕೆ. ಇದು ನಿಜಕ್ಕೂ ಒಳ್ಳೆಯ ಸುಧಾರಣೆ. ಮಿತಿ ತಲುಪಿದಾಗ ಪೆಟ್ಟಿಗೆ ಎಲ್ಲಾ ಸಿಲಿಂಡರನ್ನೂ ಒಟ್ಟಿಗೆ ಕೊಲ್ಲದೆ ಬೇರೆ ಬೇರೆ ಸಿಲಿಂಡರಿನ ಕಿಡಿ ತಪ್ಪಿಸಿ, ಮುಂದಿನ ಸುತ್ತಿನಲ್ಲಿ ಅದೇ ಸಿಲಿಂಡರನ್ನು ಉರಿಸುತ್ತದೆ. ಎಂಜಿನ್ನಿಗೆ ಹಿತ, ಕಿವಿಗೆ ಮೋಸ: ಕೇಳಲು ಥೇಟ್ ಪೆಟ್ರೋಲು ಸಾಲದೆ ಮುಗ್ಗರಿಸಿದಂತೆ. ಡಯಲಿನ ಬಾಣ ಚಿಕ್ಕದು, 6800 ಎಂದುಕೊಂಡದ್ದು 5800 ಆಗಿರಬಹುದು. ಗೇರ್ ಬದಲಿಸುವ ಆರ್‌ಪಿಎಂಗಿಂತ ಮುನ್ನೂರೋ ಐನೂರೋ ಮೇಲಕ್ಕೆ ಇಟ್ಟು, ಬೆಳಕಿನಲ್ಲಿ ಎರಡು ಸಲ ಓದಿ.

ಟ್ರ್ಯಾಕಿನ ಮೇಲೆ ಕರೆಂಟಿಗೂ ಪೆಟ್ರೋಲಿಗೂ ನಡುವೆ ಗೆರೆ ಎಳೆಯುವುದು ಹೇಗೆ? ಮಿಸ್ಸಿಂಗ್ ಪ್ರತಿ ಗೇರಿನಲ್ಲೂ ಅದೇ ಆರ್‌ಪಿಎಂಗೆ ಬರುತ್ತದೆಯೋ, ಇಲ್ಲಾ ಟಾಪ್ ಗೇರಿನಲ್ಲಿ ಮಾತ್ರವೋ ಎಂಬುದು ಮೊದಲ ಪ್ರಶ್ನೆ. 6200ಕ್ಕೆ ಒಂದನೇ ಗೇರಿನಲ್ಲೂ ಮುಗ್ಗರಿಸಿ, ಎರಡರಲ್ಲೂ ಮುಗ್ಗರಿಸಿದರೆ ಅದು ಲಿಮಿಟರ್, ಕಿಡಿ, ಇಲ್ಲವೇ ಸೋತ ವಾಲ್ವ್ ಸ್ಪ್ರಿಂಗು. ಒಂದನೇ ಗೇರಿನಲ್ಲಿ ಸಲೀಸಾಗಿ 6500 ಮುಟ್ಟಿ, ಟಾಪ್ ಗೇರಿನಲ್ಲಿ 5800ಕ್ಕೇ ಸೊರಗಿದರೆ ಪೆಟ್ರೋಲು. ಒಂದನೇ ಗೇರು ಮುಗಿಯುವಷ್ಟರಲ್ಲಿ ಕಾರ್ಬುರೇಟರಿನ ಬೌಲಿನಲ್ಲಿ (ಪೆಟ್ರೋಲು ನಿಲ್ಲುವ ಬಟ್ಟಲು) ತುಂಬಿದ್ದೇ ಸಾಕಾಗುತ್ತದೆ. ಟಾಪ್ ಗೇರಿನ ದೀರ್ಘ ಎಳೆತದಲ್ಲಿ ಪಂಪು ತುಂಬುವುದಕ್ಕಿಂತ ಬೇಗ ಬೌಲು ಖಾಲಿಯಾಗುತ್ತದೆ. ಎರಡನೆಯದು, ಸದ್ದು. ಕರೆಂಟು ತಪ್ಪಿದರೆ ಚಟ್‌ಚಟ್ ಎಂದು ಹರಿತವಾದ ಸದ್ದು, ಟ್ಯಾಕೋ ಮುಳ್ಳೂ ಹಾರಾಡಬಹುದು. ಪೆಟ್ರೋಲು ಸಾಲದಿದ್ದರೆ ಎಂಜಿನ್ ಮೆಲ್ಲಗೆ ಮಲಗಿಬಿಡುತ್ತದೆ. ಮೂರನೆಯದು ಟೈಮ್ ಸ್ಲಿಪ್ಪು, ಓಟದ ಸಮಯ ಅಚ್ಚಾದ ಚೀಟಿ. ಮೊದಲ 60 ಅಡಿಯ ಸಮಯ ಕೆಟ್ಟಿದ್ದರೆ ಹೊರಡುವಾಗಿನ ಸಮಸ್ಯೆ. 60 ಅಡಿ ಮಾಮೂಲಿನಂತಿದ್ದು 1320 ಅಡಿಯ (ಕಾಲು ಮೈಲಿಯ ಕೊನೆಯ) ವೇಗ ಬಿದ್ದಿದ್ದರೆ ಮೇಲಿನ ಆರ್‌ಪಿಎಂನ ಸಮಸ್ಯೆ.

ಎರಡೂ ಒಟ್ಟಿಗೆ ಕೆಡುವ ಒಂದು ಸಂದರ್ಭ ಇದೆ, ಅನುಭವಸ್ಥರನ್ನೂ ದಾರಿ ತಪ್ಪಿಸುವಂಥದ್ದು. ಆಲ್ಟರ್ನೇಟರ್ ಇಲ್ಲದ ಕಾರಿನಲ್ಲಿ ಫ್ಯಾನು, ನೀರಿನ ಪಂಪು, ಪೆಟ್ರೋಲ್ ಪಂಪು, 6ಎಎಲ್ ಎಲ್ಲವೂ ಒಂದೇ ಬ್ಯಾಟರಿಯನ್ನು ಹೀರುತ್ತವೆ. ವೋಲ್ಟೇಜು ಇಳಿದರೆ ಎಲೆಕ್ಟ್ರಿಕ್ ಪಂಪು ನಿಧಾನವಾಗುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಪ್ಲಗ್ಗು ಬೆಳ್ಳಗಾಗಿದೆ ಎಂದು ಜೆಟ್ ಬದಲಿಸುವವರು ನಿಜವಾಗಿ ಚಾರ್ಜರ್ ಹುಡುಕಬೇಕಿತ್ತು. ಎಂಜಿನ್ ಓಡುವಾಗ, ಪಂಪು ಫ್ಯಾನು ಆನ್ ಇದ್ದಾಗ, ಬ್ಯಾಟರಿಯ ತುದಿಯಲ್ಲೂ ಪೆಟ್ಟಿಗೆಯ ದಪ್ಪ ಕೆಂಪು ವೈರಿನಲ್ಲೂ ವೋಲ್ಟೇಜು ಅಳೆಯಿರಿ. ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಾಗುತ್ತಿದ್ದರೆ ಕೇಬಲ್ಲೋ ಮೇನ್ ಸ್ವಿಚ್ಚೋ ಅರ್ತೋ ಕೊಳೆತಿದೆ.

ಕರೆಂಟು ಖಚಿತವಾದ ಮೇಲೆ ಹಾಲಿ ಕಾರ್ಬುರೇಟರ್. ಪಂಪಿನ ಒತ್ತಡ ಕಾರ್ಬುರೇಟರಿನ ಬಾಯಲ್ಲಿ 6ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡು) ಇರಬೇಕು; ಅದಕ್ಕಿಂತ ಹೆಚ್ಚಾದರೆ ಫ್ಲೋಟ್ (ಬೌಲಿನ ಮಟ್ಟ ಕಾಯುವ ತೇಲು) ಸೂಜಿ ತಡೆಯದೆ ಓವರ್‌ಫ್ಲೋ. ಫ್ಲೋಟ್ ಮಟ್ಟಕ್ಕೆ ಸಮತಟ್ಟು ನೆಲದಲ್ಲಿ, ಐಡಲ್‌ನಲ್ಲಿ ಬೌಲಿನ ಪಕ್ಕದ ಸ್ಕ್ರೂ ಬಿಚ್ಚಿ. ಪೆಟ್ರೋಲು ತೂತಿನ ಕೆಳ ಅಂಚನ್ನು ಮುಟ್ಟಿಯೂ ಮುಟ್ಟದಂತೆ ನಿಂತರೆ ಸರಿ. ಕೆಳಗೆ ಬಟ್ಟೆ ಹಿಡಿದಿರಿ, ಬಿಸಿ ಮ್ಯಾನಿಫೋಲ್ಡಿನ ಮೇಲೆ ಒಂದು ಹನಿಯೂ ಬೀಳಬಾರದು. ಮೇಲಿನ ಲಾಕ್ ಸ್ಕ್ರೂ ಸಡಿಲಿಸಿ ನಟ್ಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಮಟ್ಟ ಇಳಿಯುತ್ತದೆ.

ಹಸಿರು ದೀಪ ಬಿದ್ದ ಕೂಡಲೇ ಎಂಜಿನ್ ಒಂದು ಕ್ಷಣ ಸತ್ತು ಎದ್ದರೆ ಆಕ್ಸಿಲರೇಟರ್ ಪಂಪು. ಥ್ರಾಟಲ್ ಪೂರ್ತಿ ತೆರೆದಾಗ ಪಂಪಿನ ತೋಳನ್ನು ಬೆರಳಿನಿಂದ ಇನ್ನೂ 0.015 ಇಂಚು ಒತ್ತಲು ಬರಬೇಕು, ಅದಕ್ಕಿಂತ ಬಿಗಿಯಾದರೆ ಡಯಾಫ್ರಾಮ್ ಹರಿಯುತ್ತದೆ. ಥ್ರಾಟಲ್ ಕೂದಲೆಳೆಯಷ್ಟು ಅಲುಗಿದರೂ ನಳಿಕೆಯಿಂದ ಪೆಟ್ರೋಲು ಚಿಮ್ಮಬೇಕು. ಕಪ್ಪು ಹೊಗೆ ಬಿಟ್ಟು ಮುಗ್ಗರಿಸಿದರೆ ಪೆಟ್ರೋಲು ಜಾಸ್ತಿ, ನಳಿಕೆ ಚಿಕ್ಕದು ಮಾಡಿ. ಹೊಗೆಯಿಲ್ಲದೆ ಕಾರ್ಬುರೇಟರಿನ ಬಾಯಿಂದ ಕೆಮ್ಮಿದರೆ ಕಡಿಮೆ, ದೊಡ್ಡದು ಮಾಡಿ. ನಳಿಕೆಯ ಮೇಲಿನ 28, 31, 35 ಎಂಬ ಸಂಖ್ಯೆ ಇಂಚಿನ ಸಾವಿರದ ಲೆಕ್ಕ.

ಪಂಪು ಸರಿಯಿದ್ದೂ ಹೊರಟ ಸ್ವಲ್ಪ ಹೊತ್ತಿಗೆ ಸೊರಗುವುದಾದರೆ ಹಿಂದಿನ ಬೌಲು ನೋಡಿ. ಕಾರು ಜಿಗಿದಾಗ ಪೆಟ್ರೋಲು ಹಿಂದಕ್ಕೆ ಸರಿಯುತ್ತದೆ. ಹಿಂದಿನ ಬೌಲಿನಲ್ಲಿ ಜೆಟ್ಟುಗಳಿರುವುದು ಮುಂದಿನ ಗೋಡೆಯಲ್ಲಿ, ಅವು ಬರಿದಾಗಿ ಗಾಳಿ ಎಳೆಯುತ್ತವೆ. ಜೆಟ್ ಎಕ್ಸ್‌ಟೆನ್ಷನ್ ಕೊಳವೆ, ಅದಕ್ಕೆ ಜಾಗ ಬಿಡುವ ಕಚ್ಚು ಇರುವ ಫ್ಲೋಟು, ಇವೆರಡನ್ನೂ ಹಾಕಿದರೆ ಮುಗಿಯಿತು. ಡ್ರ್ಯಾಗ್ ಕಾರಿನಲ್ಲಿ ಇದು ಐಚ್ಛಿಕ ಅಲ್ಲ.

ಐಡಲ್ ಮಿಶ್ರಣದ ಸ್ಕ್ರೂ ಪೂರ್ತಿ ಒಳಗೆ ಬಿಗಿದರೂ ಎಂಜಿನ್ ನಿಲ್ಲದಿದ್ದರೆ ಪವರ್ ವಾಲ್ವ್ (ವ್ಯಾಕ್ಯೂಮ್ ಇಳಿದಾಗ ಹೆಚ್ಚು ಪೆಟ್ರೋಲು ಬಿಡುವ ವಾಲ್ವು) ಹರಿದಿದೆ, ಇಲ್ಲವೇ ಥ್ರಾಟಲ್ ಪ್ಲೇಟುಗಳು ಐಡಲ್‌ನಲ್ಲೇ ಅತಿಯಾಗಿ ತೆರೆದಿವೆ. ವಾಲ್ವಿನ ಮೇಲಿನ 6.5 ಎಂದರೆ ಎಂಜಿನ್ನಿನ ವ್ಯಾಕ್ಯೂಮ್ 6.5 ಇಂಚು ಪಾದರಸಕ್ಕೆ ಇಳಿದಾಗ ತೆರೆಯುತ್ತದೆ ಎಂದು. ದೊಡ್ಡ ಕ್ಯಾಮ್ ಹಾಕಿ ಐಡಲ್ ವ್ಯಾಕ್ಯೂಮ್ ಅದಕ್ಕಿಂತ ಕೆಳಗಿದ್ದರೆ ವಾಲ್ವು ಸದಾ ತೆರೆದೇ ಇದ್ದು ಪ್ಲಗ್ಗು ಒದ್ದೆಯಾಗುತ್ತದೆ. ಐಡಲ್ ವ್ಯಾಕ್ಯೂಮಿನ ಅರ್ಧದಷ್ಟು ಸಂಖ್ಯೆಯದ್ದು ಹಾಕಿ.

ಟಾಪ್ ಗೇರಿನಲ್ಲಿ ಸೊರಗುವ ಕಾರಿಗೆ ಒಂದು ಲೆಕ್ಕ. ಒಂದು ಅಡಿ ಎತ್ತರದ ಪೆಟ್ರೋಲಿನ ಭಾರ ಸುಮಾರು 0.32 ಪಿಎಸ್‌ಐ. ಹಿಂದಿನ ಟ್ಯಾಂಕಿನಿಂದ ಎಂಜಿನ್‌ವರೆಗೆ 8 ಅಡಿ ಪೈಪು. 1 ಜಿ ವೇಗೋತ್ಕರ್ಷದಲ್ಲಿ ಆ ಕಂಬವೇ 2.6 ಪಿಎಸ್‌ಐ ಹಿಂದಕ್ಕೆ ದೂಡುತ್ತದೆ. 7 ಪಿಎಸ್‌ಐಗೇ ಕಟ್ಟಿದ ಪಂಪಾದರೆ ಕಾರ್ಬುರೇಟರಿಗೆ ಉಳಿಯುವುದು ನಾಲ್ಕೂವರೆಯೂ ಇಲ್ಲ. ಪಂಪನ್ನು ಟ್ಯಾಂಕಿನ ಪಕ್ಕ ಹಿಂದಿಟ್ಟು, 14 ಪಿಎಸ್‌ಐ ಆಸುಪಾಸಿನದ್ದು ಹಾಕಿ, ರೆಗ್ಯುಲೇಟರನ್ನು ಕಾರ್ಬುರೇಟರಿನ ಹತ್ತಿರ ಇಡುವುದು ಇದಕ್ಕೇ. ನಿಂತಾಗ ಗೇಜು 7 ತೋರಿಸುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಓಟದ ಕೊನೆಯಲ್ಲಿ ಎಷ್ಟಿತ್ತು ಎಂಬುದೇ ಮುಖ್ಯ.

ಜೆಟ್ಟಿನ ಸರದಿ ಇಷ್ಟಾದ ಮೇಲೆ. ಹೊಸ ಪ್ಲಗ್ ಹಾಕಿ ಪೂರ್ತಿ ಓಡಿಸಿ, ಗೆರೆ ದಾಟಿದ ಮೇಲೆ ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿ ತೇಲಿಸಿ ತಂದು ಓದಿ. ಸ್ಟಿಯರಿಂಗ್ ಲಾಕ್ ಆಗದಂತೆ, ಬ್ರೇಕಿನ ಬೂಸ್ಟರ್ ಹೋಗುತ್ತದೆಂಬ ಅರಿವಿನಲ್ಲಿ. ಪಿಂಗಾಣಿಯ ಬುಡದಲ್ಲಿ ತೆಳುವಾದ ಕಂದು ಉಂಗುರ ಒಳ್ಳೆಯದು. ಅಲ್ಯೂಮಿನಿಯಮ್ ಚುಕ್ಕೆ ಕಂಡರೆ ಅಂದಿಗೆ ಓಟ ನಿಲ್ಲಿಸಿ, ಪಿಸ್ಟನ್ ಕರಗುತ್ತಿದೆ. ಜೆಟ್ಟನ್ನು ಎರಡೆರಡು ಸಂಖ್ಯೆ ಬದಲಿಸಿ, ಕಾಲು ಮೈಲಿಯ ಕೊನೆಯ ವೇಗ ನೋಡಿ ತೀರ್ಮಾನಿಸಿ.

ಕೊಳ್ಳಬೇಕೇ? ಬೆಲೆ 300 ಡಾಲರಿಗೂ ಮೇಲೆ. ವಾರಾಂತ್ಯಕ್ಕೆ ಓಡುವ, ಪೆಟ್ರೋಲಿನ ಬ್ರ್ಯಾಕೆಟ್ ಕಾರಿಗೆ ನಿಸ್ಸಂಕೋಚವಾಗಿ ಹೌದು. ಆದರೆ ಲಾಂಚಿಗೆ (ಹೊರಡುವ ಗಳಿಗೆಗೆ) ಬೇರೆ ಮಿತಿ, ಓಟಕ್ಕೆ ಬೇರೆ ಮಿತಿ ಬೇಕಾದವರು 6425 ತರಬೇಡಿ, ಇದರಲ್ಲಿ ಒಂದೇ ಮಿತಿ; ಅದಕ್ಕೆ 6ಎಎಲ್-2 ಇದೆ. ಪೆಟ್ಟಿಗೆಯನ್ನು ಹೆಡರಿನ (ಎಕ್ಸಾಸ್ಟ್ ಕೊಳವೆ) ಬಿಸಿಯಿಂದ ದೂರ, ಜೊತೆಗೆ ಬರುವ ರಬ್ಬರ್ ಬುಷ್ಷುಗಳ ಮೇಲೆಯೇ ಬಿಗಿಯಿರಿ. ಚಾಸಿಗೆ ವೆಲ್ಡಿಂಗ್ ಮಾಡಿಸುವ ದಿನ ಅದರ ದಪ್ಪ ಕೆಂಪು, ದಪ್ಪ ಕಪ್ಪು ಎರಡನ್ನೂ ಮೊದಲೇ ಬಿಚ್ಚಿಡಿ.